ಕೌಬಾಯ್ ಸಿನಿಮಾಗಳನ್ನು ಜೋಡಿ ಹಾಕಿ ನೋಡಿದ್ದು

ಹಳೆಯ ವೆಸ್ಟರ್ನ್ ಸಿನಿಮಾ ನೋಡೋಣ ಅಂತ ಹೊರಟವರಿಗೆ ಮೊದಲು ಸಿಗುವುದು ಉದ್ದುದ್ದ ಪಟ್ಟಿಗಳು. ಪಟ್ಟಿ ಹಿಡಿದು ನೋಡುತ್ತಾ ಹೋದರೆ ಎಲ್ಲವೂ ತಲೆಯಲ್ಲಿ ಕಲಸಿಹೋಗುತ್ತವೆ. ಅದೇ ಕುದುರೆ, ಅದೇ ಟೋಪಿ, ಅದೇ ಧೂಳು. ಅದಕ್ಕೇ ನಾನು ಜೋಡಿ ಹಾಕಿ ನೋಡುತ್ತೇನೆ. ಒಂದು ಸಿನಿಮಾ, ಆಮೇಲೆ ಅದಕ್ಕೆ ಎದುರು ಮಾತಾಡುವ ಇನ್ನೊಂದು. ಶನಿವಾರ ರಾತ್ರಿ ಒಂದು, ಭಾನುವಾರ ಇನ್ನೊಂದು. ನಡುವೆ ಬೇರೆ ಯಾವುದನ್ನೂ ನೋಡುವುದಿಲ್ಲ.

ಶುರು ಮಾಡುವವರಿಗೆ ನಾನು ಹೇಳುವ ಜೋಡಿ ‘ಹೈ ನೂನ್’ (1952) ಮತ್ತು ‘ರಿಯೋ ಬ್ರಾವೋ’ (1959). ಮೊದಲನೆಯದರಲ್ಲಿ ಗ್ಯಾರಿ ಕೂಪರ್ ಮಾರ್ಷಲ್, ಅಂದರೆ ಊರು ಕಾಯುವ ಪೊಲೀಸ್ ಅಧಿಕಾರಿ. ಅವತ್ತೇ ಮದುವೆಯಾಗಿದ್ದಾನೆ. ಅವನು ಹಿಂದೆ ಜೈಲಿಗೆ ಕಳಿಸಿದ್ದ ಕೊಲೆಗಾರ ಮಧ್ಯಾಹ್ನ ಹನ್ನೆರಡರ ರೈಲಿಗೆ ಬರುತ್ತಾನೆ ಅಂತ ಸುದ್ದಿ. ಅವನ ಮೂವರು ಚೇಲಾಗಳು ಆಗಲೇ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾರೆ. ಮಾರ್ಷಲ್ ಮನೆಮನೆಗೆ, ಚರ್ಚಿಗೆ, ಬಾರಿಗೆ ಹೋಗಿ ಸಹಾಯ ಕೇಳುತ್ತಾನೆ. ಒಬ್ಬೊಬ್ಬರದೂ ಒಂದೊಂದು ನೆಪ. ಸಿನಿಮಾ ಇರುವುದು 85 ನಿಮಿಷ, ಕಥೆ ನಡೆಯುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಗೋಡೆ ಗಡಿಯಾರಗಳನ್ನು ಪದೇ ಪದೇ ತೋರಿಸುತ್ತಾರೆ. ನಮ್ಮ ಮನೆಯಾಕೆ ಅರ್ಧದಲ್ಲಿ, “ರೀ, ಈ ಮನುಷ್ಯ ಗುಂಡು ಹಾರಿಸೋದು ಯಾವಾಗ್ರೀ?” ಅಂದಳು. ಹಾರಿಸುವುದು ಕೊನೆಯಲ್ಲಿ. ಅಲ್ಲಿಯವರೆಗೂ ಬರೀ ನಡಿಗೆ ಮತ್ತು ಅವನ ಮುಖ.

ಈ ಕಥೆ ನಿರ್ದೇಶಕ ಹೊವಾರ್ಡ್ ಹಾಕ್ಸ್‌ಗೆ ಹಿಡಿಸಲಿಲ್ಲ. ಮಾರ್ಷಲ್ ಆದವನು ಊರೆಲ್ಲ ಸುತ್ತಿ ಸಹಾಯ ಬೇಡುತ್ತಾನಾ ಅನ್ನುವುದು ಅವನ ತಕರಾರು. ಅದಕ್ಕೆ ಉತ್ತರವಾಗಿ ಮಾಡಿದ್ದು ‘ರಿಯೋ ಬ್ರಾವೋ’. ಇಲ್ಲಿ ಶೆರಿಫ್ ಜಾನ್ ವೇಯ್ನ್, ಇದೂ ಅಂಥದ್ದೇ ಹುದ್ದೆ. ಜನ ತಾವಾಗಿಯೇ ಬಂದು ಸಹಾಯ ಮಾಡುತ್ತೇವೆ ಅಂದರೂ ಬೇಡ ಅನ್ನುತ್ತಾನೆ. ಅವನ ಪಡೆ ಅಂದರೆ ಒಬ್ಬ ಕುಂಟು ಮುದುಕ, ಒಬ್ಬ ಕುಡುಕ, ಆಮೇಲೆ ಒಬ್ಬ ಹುಡುಗ. ಶುರುವಿನಲ್ಲಿ ಕೆಲವು ನಿಮಿಷ ಒಂದು ಮಾತೂ ಇಲ್ಲ. ಕುಡಿಯಲು ಕಾಸಿಲ್ಲದೆ ನಿಂತ ಡೀನ್ ಮಾರ್ಟಿನ್ ಕಡೆಗೆ ಒಬ್ಬ ನಾಣ್ಯ ಎಸೆಯುತ್ತಾನೆ. ಕೈಗಲ್ಲ, ಉಗುಳುವ ಪಾತ್ರೆಗೆ. ಮಾರ್ಟಿನ್ ಬಗ್ಗಿ ಅದಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಒಂದು ಕಾಲು ಬಂದು ಪಾತ್ರೆಯನ್ನು ಒದೆಯುತ್ತದೆ. ಕ್ಯಾಮೆರಾ ಕೆಳಗಿನಿಂದ ಮೇಲೆ ನೋಡಿದರೆ ಜಾನ್ ವೇಯ್ನ್. ಇಬ್ಬರ ಸ್ನೇಹ, ಸಿಟ್ಟು, ನಾಚಿಕೆ ಎಲ್ಲ ಅಲ್ಲೇ ಗೊತ್ತಾಗಿಬಿಡುತ್ತದೆ.

ಎರಡು ಸಿನಿಮಾ ಜಗಳಕ್ಕೆ ನಿಂತಿದ್ದರೂ ಎರಡಕ್ಕೂ ಸಂಗೀತ ಕೊಟ್ಟವನು ಒಬ್ಬನೇ, ದಿಮಿತ್ರಿ ತಿಯೋಮ್ಕಿನ್. ಇದು ಗೊತ್ತಾದಮೇಲೆ ನಾನು ವೆಸ್ಟರ್ನ್‌ಗಳನ್ನು ಹೆಡ್‌ಫೋನ್ ಹಾಕಿಕೊಂಡು ನೋಡಲು ಶುರು ಮಾಡಿದೆ. ‘ರಿಯೋ ಬ್ರಾವೋ’ದಲ್ಲಿ ಜೈಲೊಳಗಿರುವವರನ್ನು ಹೆದರಿಸಲು ಖಳನಾಯಕ ಒಂದು ಟ್ರಂಪೆಟ್ ಧುನ್ ಬಾರಿಸುವಂತೆ ಮಾಡುತ್ತಾನೆ. ಯಾರನ್ನೂ ಉಳಿಸುವುದಿಲ್ಲ ಅನ್ನುವ ಬೆದರಿಕೆ ಅದು. ಇಟಲಿಯ ನಿರ್ದೇಶಕ ಸರ್ಜಿಯೋ ಲಿಯೋನೆ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಮಾಡುವಾಗ ಅಂಥದ್ದೇ ಬೇಕು ಅಂತ ಸಂಗೀತ ನಿರ್ದೇಶಕ ಎನ್ನಿಯೋ ಮೊರಿಕೋನೆಯನ್ನು ಕೇಳಿದ್ದ. ಎರಡನ್ನೂ ಹಿಂದೆಮುಂದೆ ಕೇಳಿದರೆ ನೆಂಟಸ್ತಿಕೆ ತಕ್ಷಣ ಗೊತ್ತಾಗುತ್ತದೆ. (ಆ ಸಿನಿಮಾದ ಕಥೆಗೆ ಜೋಡಿ ಬೇಕಿದ್ದರೆ ಜಪಾನಿನ ನಿರ್ದೇಶಕ ಕುರೊಸಾವನ ‘ಯೊಜಿಂಬೊ’, 1961. ಕಥೆ ಅಲ್ಲಿಂದ ಎತ್ತಿದ್ದು ಅಂತ ಜಪಾನಿನ ಕಂಪನಿ ಕೇಸು ಹಾಕಿ ಪಾಲು ಪಡೆದುಕೊಂಡಿತು.)

ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿಯಲ್ಲೂ ‘ಹೈ ನೂನ್’ ಇದೆ. ಅದರ ಜೊತೆಗೆ ಲಿಯೋನೆಯ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ (1968). ಇದರ ಶುರುವಿನಲ್ಲೂ ಮೂವರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾರೆ. ‘ಹೈ ನೂನ್’ ಆ ಕಾಯುವಿಕೆಯನ್ನು ತುಣುಕು ತುಣುಕಾಗಿ ತೋರಿಸಿದರೆ, ಲಿಯೋನೆ ಹತ್ತು ನಿಮಿಷಕ್ಕೂ ಜಾಸ್ತಿ ಎಳೆಯುತ್ತಾನೆ. ಸಂಗೀತ ಇಲ್ಲ. ಎಣ್ಣೆ ಕಾಣದ ಗಾಳಿಯಂತ್ರದ ಕಿರುಗುಟ್ಟುವಿಕೆ. ಒಬ್ಬನ ಬೋಳುತಲೆಯ ಮೇಲೆ ನೀರು ತೊಟ್ಟಿಕ್ಕುತ್ತದೆ, ಅವನು ಜಾಗ ಬಿಡದೆ ಟೋಪಿ ಹಾಕಿಕೊಳ್ಳುತ್ತಾನೆ. ಆಮೇಲೆ ಟೋಪಿಯಲ್ಲಿ ತುಂಬಿದ ನೀರನ್ನೇ ಕುಡಿಯುತ್ತಾನೆ. ಇನ್ನೊಬ್ಬ ಬೆರಳ ನೆಟಿಗೆ ಮುರಿಯುತ್ತಾನೆ. ಮೂರನೆಯವನು ಜ್ಯಾಕ್ ಎಲಮ್. ಅವನ ಗಡ್ಡದ ಮೇಲೆ ನೊಣ. ಮೊದಲು ಉಫ್ ಅಂತ ಊದಿ ನೋಡುತ್ತಾನೆ, ಹೋಗುವುದಿಲ್ಲ. ಕೊನೆಗೆ ಪಿಸ್ತೂಲಿನ ನಳಿಗೆಯೊಳಗೆ ಅದನ್ನು ಸಿಕ್ಕಿಸಿ, ಬೆರಳಿಟ್ಟು ಮುಚ್ಚಿ, ಕಿವಿಗೆ ಹಿಡಿದು ಗುಂಯ್ ಅನ್ನುವುದನ್ನು ಕೇಳುತ್ತಾ ನಗುತ್ತಾನೆ. ಈ ದೃಶ್ಯವನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿ. ಎಲ್ಲ ಅರ್ಥವಾಗುತ್ತದೆ.

ಇದೇ ಎಲಮ್ ‘ಹೈ ನೂನ್’ನಲ್ಲಿ ಲಾಕಪ್ಪಿನಲ್ಲಿರುವ ಕುಡುಕನಾಗಿ ಒಂದು ಚಿಕ್ಕ ಪಾತ್ರದಲ್ಲಿ ಬರುತ್ತಾನೆ. ಅದೇ ‘ಹೈ ನೂನ್’ನಲ್ಲಿ ಸ್ಟೇಷನ್ನಿನಲ್ಲಿ ಕಾಯುವ ಮೂವರಲ್ಲಿ ಒಬ್ಬ ಲೀ ವಾನ್ ಕ್ಲೀಫ್. ಅದು ಅವನ ಮೊದಲ ಸಿನಿಮಾ, ಒಂದೂ ಮಾತಿಲ್ಲ. ಮುಂದೆ ಲಿಯೋನೆಯೇ ಅವನನ್ನು ದೊಡ್ಡ ನಟ ಮಾಡಿದ. ಇಂಥವು ಜೋಡಿ ಹಾಕಿ ನೋಡಿದಾಗ ಮಾತ್ರ ಕಣ್ಣಿಗೆ ಬೀಳುತ್ತವೆ.

ಒಂದು ಕಿವಿಮಾತು. ಲಿಯೋನೆ ಸಿನಿಮಾ ಹಾಕುವಾಗ ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ ಇದೆಯಾ ನೋಡಿಕೊಳ್ಳಿ. ಹಳೇ ಟಿವಿಗೆ ಅಂತ ಎರಡೂ ಪಕ್ಕ ಕತ್ತರಿಸಿದ ಕಾಪಿಗಳು ಇನ್ನೂ ಓಡಾಡುತ್ತಿವೆ. ಅವನು ಒಬ್ಬನನ್ನು ಈ ತುದಿಗೆ, ಇನ್ನೊಬ್ಬನನ್ನು ಆ ತುದಿಗೆ ನಿಲ್ಲಿಸುತ್ತಾನೆ. ಪಕ್ಕ ಕತ್ತರಿಸಿದರೆ ಎದುರಾಳಿಯೇ ಮಾಯ!

ನಿರ್ದೇಶಕ ಜಾನ್ ಫೋರ್ಡ್‌ಗೆ ಬಂದರೆ ‘ಸ್ಟೇಜ್‌ಕೋಚ್’ (1939) ಮತ್ತು ‘ದ ಸರ್ಚರ್ಸ್’ (1956). ಅದೇ ಮಾನ್ಯುಮೆಂಟ್ ವ್ಯಾಲಿ, ಅದೇ ಜಾನ್ ವೇಯ್ನ್. ಮೊದಲನೆಯದರಲ್ಲಿ ಎಲ್ಲರಿಗೂ ಇಷ್ಟವಾಗುವ ಹುಡುಗ, ಎರಡನೆಯದರಲ್ಲಿ ದ್ವೇಷ ಕಾರುವ ಮನುಷ್ಯ. ಆ ಕಣಿವೆ ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನೆಲ. ಸಿನಿಮಾದಲ್ಲಿ ಅವರೇ ಬೇರೆ ಬುಡಕಟ್ಟಿನವರಾಗಿ, ಒಮ್ಮೆ ಅಪಾಚೆಗಳಾಗಿ, ಒಮ್ಮೆ ಕೊಮಾಂಚೆಗಳಾಗಿ ಕುದುರೆಯಿಂದ ಬೀಳುತ್ತಾರೆ. ‘ಸರ್ಚರ್ಸ್’ನಲ್ಲಿ ಕೊಮಾಂಚೆ ನಾಯಕನ ಪಾತ್ರ ಮಾತ್ರ ಜರ್ಮನಿಯಲ್ಲಿ ಹುಟ್ಟಿದ ಬಿಳಿಯ ನಟನಿಗೆ. ಫೋರ್ಡ್‌ನ ಕಣ್ಣು ನನಗೆ ಇಷ್ಟ, ಈ ಲೆಕ್ಕ ಇಷ್ಟವಿಲ್ಲ.

ಲಿಯೋನೆ ನೋಡಿದಮೇಲೆ ‘ಶೋಲೆ’ (1975) ಮತ್ತೊಮ್ಮೆ ನೋಡಲೇಬೇಕು. ಶುರುವಿನಲ್ಲಿ ರೈಲು, ಸ್ಟೇಷನ್, ಆಮೇಲೆ ನಮ್ಮ ರಾಮನಗರದ ಬಂಡೆಗಳ ನಡುವೆ ಕುದುರೆ ಸವಾರಿ. ಠಾಕೂರನ ಮನೆಯವರನ್ನು ಕೊಲ್ಲುವ ದೃಶ್ಯದ ಪಕ್ಕ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ನಲ್ಲಿ ಹೊಲದ ಮನೆಯವರನ್ನು ಕೊಲ್ಲುವ ದೃಶ್ಯ ಇಟ್ಟು ನೋಡಿ. ಎರಡರಲ್ಲೂ ಕೊನೆಗೆ ಗುಂಡಿಗೆ ಸಿಗುವುದು ಒಬ್ಬ ಚಿಕ್ಕ ಹುಡುಗ. ಮೌತ್ ಆರ್ಗನ್ನೂ ಬಂದಿದೆ, ಆದರೆ ಕೆಲಸ ಬೇರೆ. ಅಲ್ಲಿ ಚಾರ್ಲ್ಸ್ ಬ್ರಾನ್ಸನ್ ನುಡಿಸಿದರೆ ಯಾರಿಗೋ ಸಾವು ಕಾದಿದೆ ಅಂತ ಅರ್ಥ. ಇಲ್ಲಿ ಜೈ ನುಡಿಸುವಾಗ ಎದುರುಮನೆಯಲ್ಲಿ ರಾಧಾ ಒಂದೊಂದೇ ದೀಪ ಆರಿಸುತ್ತಾಳೆ. ಕದ್ದದ್ದು ಅಂತ ಬೈಯುವವರಿದ್ದಾರೆ. ಲಿಯೋನೆಯೂ ಸಿಕ್ಕಸಿಕ್ಕಲ್ಲಿಂದ ಎತ್ತಿಕೊಂಡವನೇ ಅಲ್ವಾ?

‘ಶೋಲೆ’ ಚಿತ್ರೀಕರಣ ನಡೆದ ರಾಮದೇವರ ಬೆಟ್ಟಕ್ಕೂ ಹೋಗಿ ಬಂದೆ. ಸೆಟ್ಟು ಯಾವತ್ತೋ ಹೋಯಿತು. ಅದೀಗ ರಣಹದ್ದುಗಳ ಅಭಯಾರಣ್ಯ.

ಮುಂದಿನ ವಾರ ‘ಶೇನ್’ (1953) ಮತ್ತು ‘ಅನ್‌ಫರ್ಗಿವನ್’ (1992). ಎರಡರಲ್ಲೂ ಬಂದೂಕು ಬಿಟ್ಟವನು ಮತ್ತೆ ಬಂದೂಕು ಹಿಡಿಯುತ್ತಾನೆ. ಎರಡನೆಯದರಲ್ಲಿ ಅವನು ಹಂದಿ ಸಾಕುತ್ತಿರುವ ವಯಸ್ಸಾದವನು, ಕುದುರೆ ಹತ್ತಲೂ ಒದ್ದಾಡುತ್ತಾನೆ. ಮನೆಯಾಕೆ ಒಪ್ಪಿದ್ದಾಳೆ. ಆದರೆ ಅದಕ್ಕೂ ಮೊದಲು ‘ರಿಯೋ ಬ್ರಾವೋ’ ಇನ್ನೊಂದು ಸಲ ಹಾಕಬೇಕಂತೆ. ಆ ಕುಂಟು ಮುದುಕನ ಗೊಣಗಾಟ ಅವಳಿಗೆ ಬಹಳ ಇಷ್ಟ.