412 ಯೂನಿಟ್ ಬಿಲ್ಲು ಸರಿಯಾದ ಕಥೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಜೂನ್‌ನಲ್ಲಿ 412 ಯೂನಿಟ್ ಕರೆಂಟ್ ಬಿಲ್ಲು ಬಂತು. ಅಮ್ಮ ಗಾಬರಿಯಾದರು. ಮೀಟರೇ ಕೆಟ್ಟಿದೆ ಅಂತ ನನಗೂ ಅನಿಸಿತು.

ಕೆಳಗಿನ ಮೀಟರ್ ರೂಮಿಗೆ ಹೋದೆ. ತಮ್ಮನಿಗೆ ಫೋನಿನಲ್ಲಿ ಹೇಳಿ ಮನೆಯ ಮೇನ್ ಸ್ವಿಚ್ ಆಫ್ ಮಾಡಿಸಿದೆ. ಮಿಣುಕುತ್ತಿದ್ದ ಕೆಂಪು ದೀಪ ಕೂಡಲೇ ನಿಂತಿತು. ಅಂದರೆ ಬೇರೆ ಯಾರೂ ನಮ್ಮ ಮೀಟರಿನಿಂದ ಕರೆಂಟು ಎಳೆಯುತ್ತಿಲ್ಲ. ರೀಡಿಂಗೂ ಬಿಲ್ಲಿಗೆ ಹೊಂದುತ್ತಿತ್ತು.

ಆಮೇಲೆ ಹಳೇ ಬಿಲ್ಲು ತೆಗೆದೆ. ಏಪ್ರಿಲ್, ಮೇ ಎರಡರಲ್ಲೂ 120 ಯೂನಿಟ್, ಎರಡೂ ಮೀಟರ್ ಓದದೆ ಹಾಕಿದ ಸರಾಸರಿ! ಮೀಟರ್ ರೂಮಿಗೆ ಬೀಗ ಇತ್ತಂತೆ. ಬೇಸಿಗೆಯ ಉಳಿಕೆಯೆಲ್ಲ ಜೂನ್ ತಲೆಗೆ ಬಿದ್ದಿತ್ತು.

ಇಲ್ಲಿ ಮನೆಬಳಕೆಗೆ 100, 300, 500 ಯೂನಿಟ್ ದಾಟಿದಂತೆ ದರ ಏರುತ್ತದೆ. ಒಟ್ಟು 652 ಯೂನಿಟ್ಟನ್ನು ಮೂರು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 217. ಯಾವ ತಿಂಗಳೂ 300 ದಾಟಲ್ಲ, ಅಲ್ವಾ? ಆದರೂ 112 ಯೂನಿಟ್ಟಿಗೆ ಜಾಸ್ತಿ ದರ ಹಾಕಿದ್ದರು.

ಈ ಲೆಕ್ಕ, ಮೂರು ಬಿಲ್ಲು, ಮೀಟರಿನ ಫೋಟೋ ಸೇರಿಸಿ ಅರ್ಜಿ ಕೊಟ್ಟೆ. ಸುಮ್ನೆ ‘ಬಿಲ್ಲು ಜಾಸ್ತಿ’ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮುಂದಿನ ಬಿಲ್ಲಿನಲ್ಲಿ ವ್ಯತ್ಯಾಸದ ಹಣ ಕಳೆದಿದ್ದರು. ಮೀಟರ್ ರೂಮಿನ ಇನ್ನೊಂದು ಬೀಗದಕೈ ಈಗ ವಾಚ್‌ಮನ್ ಹತ್ತಿರ ಇದೆ.