ನಾಲ್ಕು ಮನೆ ಹಾಕಿ ವಿಂಗಡಿಸುವುದು ಹೇಗೆ?

ಪರೀಕ್ಷೆ ಹತ್ತಿರ ಬಂತೆಂದು ಮಗಳು ಪಾಠಗಳನ್ನೆಲ್ಲ ಹಾಳೆಯ ಮೇಲೆ ಗೆರೆ ಎಳೆದು ಮಾಡಿದ ನಾಲ್ಕು ಮನೆಗಳಿಗೆ ಹಂಚಿದ್ದಳು. ಎರಡು ಮನೆ ತುಂಬಿ ತುಳುಕುತ್ತಿದ್ದವು, ಎರಡು ಖಾಲಿ. ಈ ತಪ್ಪನ್ನು ದೊಡ್ಡವರೂ ಮಾಡುವುದನ್ನು ನೋಡಿದ್ದೇನೆ.

ಮೊದಲು ಹಾಳೆಯ ಮೇಲೆ ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ ಎಳೆಯಿರಿ. ಅಚ್ಚು ಹಾಕಿದ ಪ್ಲಾನರ್ ಪುಸ್ತಕ ಕೊಳ್ಳಬೇಡಿ. ಅದರಲ್ಲಿ ಮನೆಗಳಿಗೆ ಯಾರೋ ಮೊದಲೇ ಹೆಸರಿಟ್ಟಿರುತ್ತಾರೆ.

ಇನ್ನು ಎರಡು ವಿರುದ್ಧ ಜೋಡಿ ಆರಿಸಬೇಕು, ಒಂದು ಮೇಲಿನ ಅಂಚಿಗೆ, ಇನ್ನೊಂದು ಪಕ್ಕದ ಅಂಚಿಗೆ. ಎಡವುವುದು ಇಲ್ಲೇ. ಮಗಳು ಆರಿಸಿದ್ದು ‘ಕಷ್ಟ–ಸುಲಭ’ ಮತ್ತು ‘ಜಾಸ್ತಿ ಹೊತ್ತು–ಕಡಿಮೆ ಹೊತ್ತು’. ಕಷ್ಟದ ಪಾಠಕ್ಕೆ ಹೊತ್ತು ಜಾಸ್ತಿ ಬೇಕೇ ಬೇಕು, ಅಲ್ವಾ? ಹೆಸರು ಎರಡು, ಜೋಡಿ ಒಂದೇ. ಒಂದು ಜೋಡಿಯ ಉತ್ತರ ಗೊತ್ತಾದರೂ ಇನ್ನೊಂದರದ್ದು ಗೊತ್ತಾಗಬಾರದು.

ಇದಕ್ಕೆ ನಮ್ಮ ವರ್ಣಮಾಲೆಗಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ಬಾಯಿಯ ಮುಂದೆ ಅಂಗೈ ಹಿಡಿದು ‘ಕ’, ‘ಖ’ ಅನ್ನಿ. ‘ಖ’ಕ್ಕೆ ಉಸಿರು ಜೋರಾಗಿ ತಾಗುತ್ತದೆ. ಇದು ಅಲ್ಪಪ್ರಾಣ–ಮಹಾಪ್ರಾಣ ಜೋಡಿ. ಈಗ ಗಂಟಲ ಮೇಲೆ ಬೆರಳಿಟ್ಟು ‘ಅಕ’, ‘ಅಗ’ ಎಂದು ನಿಧಾನವಾಗಿ ಹೇಳಿ. ‘ಅಕ’ದ ನಡುವೆ ಗಂಟಲಿನ ಕಂಪನ ಒಂದು ಕ್ಷಣ ನಿಲ್ಲುತ್ತದೆ, ‘ಅಗ’ದಲ್ಲಿ ನಿಲ್ಲುವುದಿಲ್ಲ. ಇದು ಅಘೋಷ–ಘೋಷ ಜೋಡಿ. ಉಸಿರು ಬೇರೆ, ಕಂಪನ ಬೇರೆ. ಹಾಗಾಗಿ ಕ, ಖ, ಗ, ಘ ನಾಲ್ಕೂ ಮನೆ ತುಂಬಿದವು. ಚ, ಟ, ತ, ಪ ಸಾಲುಗಳಲ್ಲೂ ಹೀಗೇ. ‘ಙ’ ಮೂಗಿನಿಂದ ಬರುವ ಅಕ್ಷರ. ಹಿಂದಿನವರು ಅದನ್ನು ಈ ನಾಲ್ಕರೊಳಗೆ ತುರುಕದೆ ಐದನೆಯದಾಗಿ ಪಕ್ಕದಲ್ಲಿಟ್ಟರು. ನೀವೂ ಹೊಂದದ್ದನ್ನು ಹೊರಗಿಡಿ.

ಜೋಡಿಯ ನಡುವೆ ಏನು ಉಳಿಯುತ್ತದೆ ಎಂದೂ ನೋಡಿ. ಹಳೆಯ ಗ್ರೀಸಿನ ತತ್ವಜ್ಞಾನಿ ಅರಿಸ್ಟಾಟಲ್ ಬಿಸಿ–ತಂಪು, ಒಣ–ಹಸಿ ಜೋಡಿಗಳಿಂದ ನಾಲ್ಕು ಮೂಲವಸ್ತು ವಿವರಿಸಿದ: ಬೆಂಕಿ ಬಿಸಿ ಮತ್ತು ಒಣ, ಗಾಳಿ ಬಿಸಿ ಮತ್ತು ಹಸಿ, ನೀರು ತಂಪು ಮತ್ತು ಹಸಿ, ಮಣ್ಣು ತಂಪು ಮತ್ತು ಒಣ. ಚೊಕ್ಕವಾಗಿದೆ. ಆದರೆ ಉಗುರು ಬೆಚ್ಚಗಿನ ನೀರನ್ನು ಬಿಸಿ ಅನ್ನೋಣವೋ, ತಂಪು ಅನ್ನೋಣವೋ? ಅದಕ್ಕೇ ‘ಹೌದು–ಇಲ್ಲ’ ಎಂದು ಉತ್ತರಿಸಬಹುದಾದ ಜೋಡಿಯನ್ನೇ ಆರಿಸಿ. ‘ಚೆನ್ನಾಗಿ ಬರುತ್ತೆ’ ಬೇಡ, ‘ಪುಸ್ತಕ ನೋಡದೆ ಬರೆಯಬಲ್ಲೆ’ ಇರಲಿ.

ಆಮೇಲೆ ಪ್ರತಿ ಮನೆಗೂ ಒಂದೊಂದು ನಿಜವಾದ ಉದಾಹರಣೆ ಹಾಕಿ ನೋಡಿ. ಒಂದು ಮನೆ ಖಾಲಿ ಉಳಿದರೆ ಸುಮ್ನೆ ಏನೋ ತುಂಬಬೇಡಿ. ಮತ್ತೆ ಜೋಡಿಗಳನ್ನೇ ಪರೀಕ್ಷಿಸಿ.

ಮಗಳು ಹೊಸ ಹಾಳೆ ತೆಗೆದುಕೊಂಡಳು. ಒಂದು ಕಡೆ ‘ನೋಡದೆ ಬರೆಯಬಲ್ಲೆ–ಆಗಲ್ಲ’, ಇನ್ನೊಂದು ಕಡೆ ‘ಜಾಸ್ತಿ ಅಂಕದ ಪ್ರಶ್ನೆ ಬರುತ್ತೆ–ಬರಲ್ಲ’. ಗಣಿತದ ಪ್ರಮೇಯಗಳು ‘ಆಗಲ್ಲ, ಜಾಸ್ತಿ ಅಂಕ’ ಮನೆಗೆ ಬಂದು ಕೂತವು. ಅಂದು ರಾತ್ರಿ ಅಲ್ಲಿಂದಲೇ ಓದಲು ಶುರು ಮಾಡಿದಳು.