ಕುಗ್ಗುವ ಅಕ್ಷರಕ್ಕೆ ಗೆರೆಯ ಆಸರೆ

ಉಪನೋಂದಣಿ ಕಚೇರಿಯ ಮುಂದೆ ಕುಳಿತು ಆಸ್ತಿ ಪತ್ರ ಬರೆದೇ ಬದುಕಿದ ನನಗೆ ಪಾರ್ಕಿನ್ಸನ್ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಚಕ್ಕುಬಂದಿಯ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಎಲ್ಲೆ ಹೇಳುವ, ಸಾಲುಗಳಲ್ಲಿ. ‘ಪೂರ್ವಕ್ಕೆ’ ಎಂಬುದು ಎಂದಿನ ಗಾತ್ರದಲ್ಲೇ ಇರುತ್ತಿತ್ತು. ಪಶ್ಚಿಮ, ಉತ್ತರಗಳನ್ನು ದಾಟಿ ‘ದಕ್ಷಿಣಕ್ಕೆ’ ಬರೆಯುವ ಹೊತ್ತಿಗೆ ಒತ್ತಕ್ಷರಗಳು ಚುಕ್ಕಿಗಳಾಗಿ, ಕೊಂಬು ಯಾವುದು ದೀರ್ಘ ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಕೈ ನಡುಗತೊಡಗಿದ್ದು ಆಮೇಲೆ.

ಇದಕ್ಕೆ ಮೈಕ್ರೋಗ್ರಾಫಿಯಾ ಎನ್ನುತ್ತಾರೆಂದು ನರರೋಗ ತಜ್ಞರು ತಿಳಿಸಿದರು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದಾಗ, ಅಭ್ಯಾಸಬಲದಿಂದ ತಾನಾಗಿ ನಡೆಯುವ ಚಲನೆಗಳ ಅಳತೆ ಕುಗ್ಗುತ್ತದೆ. ಬೆರಳುಗಳಲ್ಲಿ ಬಲವಿದ್ದರೂ ಅಕ್ಷರ ಕಿರಿದಾಗುವುದು ಹೀಗೆ. ರಬ್ಬರ್ ಚೆಂಡು ಹಿಚುಕಿರೆಂದು ಸಲಹೆ ಕೊಡುವವರು ಬಹಳ ಮಂದಿ ಇದ್ದಾರೆ, ಆದರೆ ನನ್ನ ಅಕ್ಷರಕ್ಕೆ ಅದರಿಂದ ಏನೂ ಆಗಲಿಲ್ಲ.

ನೆರವಾದದ್ದು ಗೆರೆ. ಹಾಳೆಯ ಮೇಲೆ ಸ್ಕೇಲಿನಿಂದ ಸುಮಾರು ಒಂದು ಸೆಂಟಿಮೀಟರ್ ಅಂತರದ ಜೋಡಿ ಗೆರೆಗಳನ್ನೆಳೆದು, ಒತ್ತಕ್ಷರಕ್ಕೆಂದು ಕೆಳಗೆ ಅಷ್ಟೇ ಜಾಗ ಬಿಟ್ಟು, ಪ್ರತಿ ಅಕ್ಷರವೂ ಎರಡೂ ಗೆರೆಗಳನ್ನು ಮುಟ್ಟುವಂತೆ ಬರೆಯತೊಡಗಿದೆ. ಅಳತೆಯನ್ನು ಕಣ್ಣು ಹಿಡಿದುಕೊಟ್ಟಾಗ ಕೈ ಅದನ್ನು ಪಾಲಿಸುತ್ತದೆ. ಒಂದು ಪದ ಮುಗಿದೊಡನೆ ಲೇಖನಿ ಎತ್ತಿ, ಮನಸ್ಸಿನಲ್ಲೇ ‘ದೊಡ್ಡದಾಗಿ’ ಎಂದುಕೊಂಡು ಮುಂದಿನ ಪದಕ್ಕೆ ಹೋಗುತ್ತೇನೆ. ಬರೆಯುವಾಗ ಮಾತು ನಿಷಿದ್ಧ: ‘ಸ್ವಾಮಿ, ಮುದ್ರಾಂಕ ಶುಲ್ಕ ಎಷ್ಟಾಗುತ್ತೆ?’ ಎಂದು ಕಕ್ಷಿದಾರರು ಕೇಳಿ ನಾನು ಬರೆಯುತ್ತಲೇ ಉತ್ತರಿಸಿದರೆ, ಆ ಸಾಲು ಅಲ್ಲಿಂದಲೇ ಇರುವೆಸಾಲಾಗುತ್ತದೆ.

ಹೊತ್ತೂ ಮುಖ್ಯ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯ ಪರಿಣಾಮ ಇರುವಾಗ ಬರೆಯುವ ಕೆಲಸವನ್ನಿಟ್ಟುಕೊಂಡು, ಅದು ಇಳಿಯುವ ವೇಳೆಗೆ ಓದಿ ತಾಳೆ ನೋಡುವ ಕೆಲಸವನ್ನಿಟ್ಟುಕೊಂಡಿದ್ದೇನೆ. ಹಾಲು, ಬೇಳೆಯಂಥ ಪ್ರೋಟೀನ್ ಆಹಾರದ ಜೊತೆಗೆ ಸೇವಿಸಿದರೆ ಕೆಲವರಲ್ಲಿ ಈ ಔಷಧಿ ಸರಿಯಾಗಿ ಹೀರಿಕೆಯಾಗದು. ನನಗೂ ಹಾಗೇ ಆಗುತ್ತಿದ್ದುದರಿಂದ, ವೈದ್ಯರನ್ನು ಕೇಳಿಕೊಂಡು ಊಟಕ್ಕೆ ಮುಂಚೆಯೇ ಮಾತ್ರೆ ನುಂಗುತ್ತೇನೆ.

ಸಹಿಯ ತೊಡಕು ಬೇರೆ ಬಗೆಯದು. ಹಳೆಯ ಮಾದರಿಗೆ ಹೊಂದುತ್ತಿಲ್ಲವೆಂದು ಬ್ಯಾಂಕಿನಲ್ಲಿ ಚೆಕ್ಕು ಹಿಂದಿರುಗಿದ ಮೇಲೆ ಹೊಸ ಮಾದರಿ ಸಹಿ ಕೊಟ್ಟೆ. ಬಿಡಿಸಿ ಬರೆದ, ಸುತ್ತುಗಳಿಲ್ಲದ ಸಹಿಯದು. ಸಹಿ ಮಾಡಲು ಆಗದಷ್ಟು ಅಸ್ವಸ್ಥರಾದ ಖಾತೆದಾರರು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಗುರುತಿಸಿದ ಹೆಬ್ಬೆಟ್ಟಿನ ಗುರುತನ್ನು ಕೊಡಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದ್ದು, ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ನನಗಿನ್ನೂ ಅದರ ಅಗತ್ಯ ಬಂದಿಲ್ಲ.

ಪತ್ರಗಳೆಲ್ಲ ಈಗ ಕಂಪ್ಯೂಟರಿನಲ್ಲೇ ಸಿದ್ಧವಾಗುತ್ತವೆ. ಕೊನೆಯ ಪುಟದಲ್ಲಿ ಪತ್ರ ಬರೆದವನು ಸಹಿ ಹಾಕುವ ‘ಬಿಕ್ಕಲಂ’ ಎಂಬುದರ ಮುಂದೆ ಎರಡು ಸಾಲಿನಷ್ಟು ಜಾಗ ಬಿಡುವಂತೆ ಟೈಪ್ ಮಾಡುವ ಹುಡುಗನಿಗೆ ಹೇಳಿಟ್ಟಿದ್ದೇನೆ.